ರೆಕಾರ್ಡ್ ಪ್ಲೇಯರ್‌ಗೆ ಹೊಸ ಕಾರ್ಟ್ರಿಡ್ಜ್: ಕೊಳ್ಳುವ ಮುಂಚೆ ಸ್ವಲ್ಪ ಭೌತಶಾಸ್ತ್ರ

ಮಕ್ಕಳೇ, ಅವಲಪಲ್ಲಿಯ ನಿಮ್ಮ ಮನೆಯ ಅಟ್ಟದಲ್ಲೋ ಅಜ್ಜನ ಊರಲ್ಲೋ ಒಂದು ಹಳೇ ರೆಕಾರ್ಡ್ ಪ್ಲೇಯರ್ ಇದೆ ಅಂತ ಇಟ್ಟುಕೊಳ್ಳಿ. ತಟ್ಟೆ ತಿರುಗುತ್ತೆ, ಹಾಡು ಮಾತ್ರ ಬರೋದಿಲ್ಲ. ಮುಳ್ಳನ್ನು ಹಿಡಿದಿರುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಾರ್ಟ್ರಿಡ್ಜ್ ಕೆಟ್ಟಿದೆ. ಅಂಗಡಿಗೆ ಹೋಗಿ “ಒಳ್ಳೇದೊಂದು ಕೊಡಿ” ಅಂದರೆ ಸಾಲದು. ದುಬಾರಿಯದೇ ಆದರೂ ನಿಮ್ಮ ಯಂತ್ರಕ್ಕೆ ಹೊಂದದಿದ್ದರೆ ಅದು ರೆಕಾರ್ಡನ್ನೇ ಕೆಡಿಸಬಹುದು. ಕಾರ್ಟ್ರಿಡ್ಜ್ ಇನ್ನೊಂದು ಸಿಗುತ್ತೆ, ಸವೆದ ಗೀರು ಮತ್ತೆ ಮೂಡೋದಿಲ್ಲ.

ರೆಕಾರ್ಡಿನ ಗೀರು ನೇರವಾಗಿಲ್ಲ, ಅಲೆಯಲೆಯಾಗಿ ಇದೆ. ಆ ಅಲೆಯೇ ಹಾಡು. ಮುಳ್ಳು ಅದರಲ್ಲಿ ಸಾಗುವಾಗ ನಡುಗುತ್ತದೆ. ಆ ನಡುಕವನ್ನು ವಿದ್ಯುತ್ತಾಗಿ ಬದಲಿಸುವುದು ಕಾರ್ಟ್ರಿಡ್ಜ್ ಕೆಲಸ. ಇದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರ್‌ನಲ್ಲೇ ಇದೆ. ಕೆಲವು ಹರಳುಗಳನ್ನು ಒತ್ತಿದರೆ ವೋಲ್ಟೇಜ್ ಹುಟ್ಟುತ್ತದೆ. 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಇದನ್ನು ತೋರಿಸಿದರು. ಹಳೇ ಪೆಟ್ಟಿಗೆ ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಇದೇ ಬಗೆ: ಕ್ರಿಸ್ಟಲ್ ಅಥವಾ ಸೆರಾಮಿಕ್. ಕ್ರಿಸ್ಟಲ್ ಅಂದರೆ ರೋಶೆಲ್ ಉಪ್ಪು, ರಸಾಯನಶಾಸ್ತ್ರದ ಹೆಸರು ಪೊಟ್ಯಾಸಿಯಂ ಸೋಡಿಯಂ ಟಾರ್ಟ್ರೇಟ್. ಉಪ್ಪು ತಾನೇ, ತೇವ ಕಂಡರೆ ಕರಗುತ್ತೆ, ಸುಮಾರು 55 ಡಿಗ್ರಿ ಶಾಖಕ್ಕೆ ಕೆಡುತ್ತೆ. ಮಳೆಗಾಲದ ಥಂಡಿ, ಬೇಸಿಗೆಯಲ್ಲಿ ಶೀಟಿನ ಕೆಳಗಿನ ಕಾವು, ಎರಡನ್ನೂ ವರ್ಷಗಟ್ಟಲೆ ತಿಂದ ಹರಳು ಸುಮ್ಮನಾಗುವುದು ಸಹಜ. ಅದರ ಜಾಗಕ್ಕೆ ಸೆರಾಮಿಕ್ ಹಾಕಿದರೆ ಆ ಕಾಟ ಇಲ್ಲ.

ಎರಡನೇ ದಾರಿ ಫ್ಯಾರಡೆಯದು. ಮುಳ್ಳಿನ ಕಡ್ಡಿಯ ಇನ್ನೊಂದು ತುದಿಯಲ್ಲಿ ಪುಟ್ಟ ಆಯಸ್ಕಾಂತ, ಅದರ ಪಕ್ಕ ತಂತಿಯ ಸುರುಳಿ. ಆಯಸ್ಕಾಂತ ಅಲುಗಿದರೆ ಸುರುಳಿಯಲ್ಲಿ ವೋಲ್ಟೇಜ್ ಪ್ರೇರಿತವಾಗುತ್ತದೆ. ಪಾಠದಲ್ಲಿ ಓದಿದ್ದೀರಿ. ನಾದ ಇದರಲ್ಲೇ ಚೆನ್ನ, ನನ್ನ ಮೆಚ್ಚುಗೆಯೂ ಇದಕ್ಕೇ. ಆದರೆ ಇದು ಕೊಡುವುದು ಸುಮಾರು 3ರಿಂದ 5 ಮಿಲಿವೋಲ್ಟ್ ಮಾತ್ರ. ಸೆರಾಮಿಕ್ ನೂರಾರು ಮಿಲಿವೋಲ್ಟ್ ಕೊಡುತ್ತದೆ. ಆದ್ದರಿಂದ ಸೆರಾಮಿಕ್‌ಗೆಂದು ಮಾಡಿದ ಪೆಟ್ಟಿಗೆಗೆ ಆಯಸ್ಕಾಂತದ್ದನ್ನು ಸಿಕ್ಕಿಸಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳಿಸುತ್ತದೆ ಅಷ್ಟೆ. ನಡುವೆ ಫೋನೋ ಪ್ರೀಆಂಪ್ಲಿಫೈಯರ್ ಬೇಕು. ಅದು ಸಂಕೇತವನ್ನು ಬಲಪಡಿಸುವುದಲ್ಲದೆ, ಮುದ್ರಿಸುವಾಗ ಬೇಕೆಂದೇ ತಗ್ಗಿಸಿದ ಕೆಳಸ್ವರಗಳನ್ನು ಮೊದಲಿನ ಮಟ್ಟಕ್ಕೆ ತರುತ್ತದೆ.

ಇನ್ನು ಭಾರದ ವಿಷಯ, ಇಲ್ಲಿ ಲೆಕ್ಕ ಮಾಡೋಣ. ಆಯಸ್ಕಾಂತದ ಕಾರ್ಟ್ರಿಡ್ಜ್‌ಗೆ ಸಾಮಾನ್ಯವಾಗಿ ಸುಮಾರು 2 ಗ್ರಾಂ ಭಾರ ಸಾಕು. ಬಲ 0.02 ನ್ಯೂಟನ್. ಮುಳ್ಳು ಗೀರಿನ ಎರಡೂ ಗೋಡೆಗೆ ತಾಗುವ ಜಾಗ ಒಟ್ಟು 50 ಚದರ ಮೈಕ್ರೋಮೀಟರ್ ಎಂದುಕೊಳ್ಳಿ, ಅಂದರೆ 50 × 10⁻¹² ಚದರ ಮೀಟರ್. ಬಲವನ್ನು ವಿಸ್ತೀರ್ಣದಿಂದ ಭಾಗಿಸಿ. ಒತ್ತಡ 4 × 10⁸ ಪಾಸ್ಕಲ್ ಬಂತೇ? ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 4000 ಪಟ್ಟು! ಬರೀ 2 ಗ್ರಾಂಗೆ. ಹಳೇ ಪೆಟ್ಟಿಗೆಯ ತೋಳು 5–6 ಗ್ರಾಂ ಒತ್ತುವಂಥದ್ದು. ಅದಕ್ಕೆ ನಾಜೂಕಾದ ಆಯಸ್ಕಾಂತದ ಕಾರ್ಟ್ರಿಡ್ಜ್ ಕಟ್ಟಿದರೆ ಕಡ್ಡಿ ಬಾಗಿ ಕೂರುತ್ತದೆ, ಗೀರೂ ಸವೆಯುತ್ತದೆ. ಹಾಗಂತ ತೀರಾ ಹಗುರ ಮಾಡಬೇಡಿ. ಮುಳ್ಳು ಕುಪ್ಪಳಿಸಿ ಗೋಡೆಗೆ ಬಡಿಯುತ್ತದೆ, ಅದು ಇನ್ನೂ ಕೆಟ್ಟದ್ದು. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಭಾರ ನೋಡಬಹುದು.

ನಿಮ್ಮಲ್ಲಿರುವುದು ಯಾವ ರೆಕಾರ್ಡ್? ನಿಮಿಷಕ್ಕೆ 78 ಸುತ್ತಿನ ಕಪ್ಪು, ಭಾರದ, ಬಿದ್ದರೆ ಒಡೆಯುವ ತಟ್ಟೆ ಅರಗಿನದು. ನಮ್ಮ ದೇಶದಲ್ಲಿ 1960ರ ದಶಕದಲ್ಲೂ ಅವನ್ನು ಅಚ್ಚು ಹಾಕುತ್ತಿದ್ದರು. ಅದರ ಗೀರು ಅಗಲ, ಮುಳ್ಳಿನ ತುದಿಯ ತ್ರಿಜ್ಯ 65–75 ಮೈಕ್ರೋಮೀಟರ್ ಇರಬೇಕು. 33 ಸುತ್ತಿನ ಎಲ್‌ಪಿ ವಿನೈಲ್‌ನದು, ಅದಕ್ಕೆ 18 ಮೈಕ್ರೋಮೀಟರ್ ತುದಿ. ಎಲ್‌ಪಿ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೀರಿನ ತಳಕ್ಕಿಳಿದು ಧೂಳಲ್ಲಿ ಹೊರಳಾಡುತ್ತದೆ. 78ರ ಮುಳ್ಳನ್ನು ಎಲ್‌ಪಿ ಮೇಲಿಟ್ಟರೆ ಗೀರಿನ ಅಂಚನ್ನೇ ಕೆರೆಯುತ್ತದೆ. ಹಳೇ ಸೆರಾಮಿಕ್ ಕಾರ್ಟ್ರಿಡ್ಜ್‌ಗಳಲ್ಲಿ ಎರಡೂ ಮುಳ್ಳಿದ್ದು, ಮುಂದಿನ ಪುಟ್ಟ ಹಿಡಿ ತಿರುಗಿಸಿದರೆ ಒಂದಾದ ಮೇಲೊಂದು ಕೆಳಗೆ ಬರುತ್ತಿದ್ದವು.

ಇಷ್ಟೊಂದು ಜೋಪಾನ ಯಾಕೆ ಅಂತೀರಾ? ಗೌಹರ್ ಜಾನ್ 1902ರಲ್ಲಿ ಕಲ್ಕತ್ತದಲ್ಲಿ ಹಾಡಿ ಮುದ್ರಿಸಿದರು, ಭಾರತದ ಮೊದಮೊದಲ ರೆಕಾರ್ಡುಗಳಲ್ಲಿ ಅವು ಸೇರಿವೆ. ಕೊನೆಗಾಲದಲ್ಲಿ ಮೈಸೂರು ಅರಸರ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಲ್ಲೇ ತೀರಿಕೊಂಡರು. ಅವರ ದನಿ ನಮಗೆ ಉಳಿದದ್ದು ಇಂಥ ಗೀರುಗಳಿಂದ. ಕಾಗದದ ಕೊಳವೆಗೆ ಗುಂಡುಸೂಜಿ ಚುಚ್ಚಿ ರೆಕಾರ್ಡ್ ನುಡಿಸುವ ಪ್ರಯೋಗವನ್ನು ಪುಸ್ತಕಗಳಲ್ಲಿ ನೋಡಿರುತ್ತೀರಿ. ದಯವಿಟ್ಟು ಅಜ್ಜಿಯ ರೆಕಾರ್ಡ್ ಮೇಲೆ ಬೇಡ, ಆಗಲೇ ಪೂರ್ತಿ ಗೀಚಿ ಹೋದದ್ದು ಸಿಕ್ಕರೆ ಮಾಡಿ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಸ್ ಹತ್ತುವ ಮುಂಚೆ ಒಂದು ಕೆಲಸ ಇದೆ. ಹಳೇ ಮುಳ್ಳನ್ನು ಬಿಚ್ಚಿ ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಡಿ. ಬೆಳಕನ್ನು ಪಕ್ಕದಿಂದ ಬಿಡಿ. ತುದಿ ದುಂಡಗಿಲ್ಲದೆ ಉಳಿಯಿಂದ ಕೆತ್ತಿದ ಹಾಗೆ ಚಪ್ಪಟೆಯಾಗಿ ಕಂಡರೆ ಅದು ಸವೆದಿದೆ. ಸದ್ದು ಎರಡೂ ಕಡೆ ಬರುತ್ತಿದ್ದು ಬರೀ ಕರಕರ ಅನ್ನುತ್ತಿದ್ದರೆ ಮುಳ್ಳು ಮಾತ್ರ ಬದಲಿಸಿದರೂ ಸಾಕಾಗಬಹುದು, ಕಾರ್ಟ್ರಿಡ್ಜ್ ಮೇಲಿನ ನಂಬರ್ ಬರೆದುಕೊಂಡು ಹೋಗಿ.