ಹೆಸರಿನ ತಿದ್ದುಪಡಿಯೂ ಹೆಸರಿನ ಬದಲಾವಣೆಯೂ



ಕೆಲವು ವರ್ಷಗಳ ಹಿಂದೆ, ದಾದಿಯ ಉದ್ಯೋಗಕ್ಕಾಗಿ ಪರದೇಶಕ್ಕೆ ಹೊರಟಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಚೇರಿಗೆ ಬಂದಳು. ಅವಳ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರವಿತ್ತು; ಆಧಾರ್ ಚೀಟಿಯಲ್ಲಿ ತಂದೆಯ ಪೂರ್ಣ ಹೆಸರು; ಬ್ಯಾಂಕಿನ ಪುಸ್ತಕದಲ್ಲಿ ಗಂಡನ ಹೆಸರು. ಸಾಲದೆಂಬಂತೆ ಅಂಕಪಟ್ಟಿಯಲ್ಲಿ ಅವಳ ಸ್ವಂತ ಹೆಸರಿನದೇ ಒಂದಕ್ಷರ ತಪ್ಪಾಗಿತ್ತು. ದಾಖಲಾತಿ ಪುಸ್ತಕವನ್ನು ತೆರೆದು ನೋಡಲಾಗಿ, ಆ ತಪ್ಪು ನಮ್ಮ ಕೈಬರಹದಿಂದಲೇ ಹೊರಟದ್ದೆಂದು ಕಂಡಿತು. ಅದು ಸರಿಯಾಗುವಷ್ಟರಲ್ಲಿ ಅವಳ ಉದ್ಯೋಗದ ಅವಧಿ ಮೀರಿಹೋಯಿತು. ಆ ವ್ಯಸನವೇ ಈ ಪಾಠವನ್ನು ನಮ್ಮಿಂದ ಬರೆಯಿಸುತ್ತಿದೆ.

ಮೊದಲು ತಿಳಿಯತಕ್ಕದ್ದೇನೆಂದರೆ, ತಿದ್ದುಪಡಿ ಬೇರೆ, ಬದಲಾವಣೆ ಬೇರೆ. ಇಟ್ಟ ಹೆಸರನ್ನು ಬರೆಯುವಾಗ ಆದ ತಪ್ಪನ್ನು ಸರಿಪಡಿಸುವುದು ತಿದ್ದುಪಡಿ. ಇದ್ದ ಹೆಸರನ್ನು ಬಿಟ್ಟು ಮತ್ತೊಂದನ್ನು ಧರಿಸುವುದು ಬದಲಾವಣೆ. ಇವೆರಡರ ದಾರಿಗಳೂ ಬೇರೆಬೇರೆ.

ತಿದ್ದುಪಡಿಯನ್ನು ತಪ್ಪು ಹುಟ್ಟಿದ ಸ್ಥಳದಲ್ಲಿಯೇ ಮಾಡಿಸಬೇಕು. ಜನನ ಪತ್ರದ ತಪ್ಪಿಗೆ ಜನನ ಮರಣ ನೋಂದಣಾಧಿಕಾರಿಯ ಬಳಿಗೆ ಹೋಗತಕ್ಕದ್ದು. 1969ರ ಕಾಯಿದೆಯಂತೆ ಮೂಲ ಬರಹವನ್ನು ಅಳಿಸದೆ, ಅದರ ಪಕ್ಕದ ಅಂಚಿನಲ್ಲಿ ಸರಿಯಾದುದನ್ನು ಬರೆಯುವರು. ಹೆಸರಿಡದೆ ಶಿಶುವಿನ ಜನನವನ್ನು ನೋಂದಾಯಿಸಿದ್ದಲ್ಲಿ, 12 ತಿಂಗಳೊಳಗೆ ಶುಲ್ಕವಿಲ್ಲದೆಯೂ, ಅನಂತರ 15 ವರ್ಷಗಳವರೆಗೆ ಶುಲ್ಕ ತೆತ್ತೂ ಹೆಸರನ್ನು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶ ಮೊದಲ್ಗೊಂಡು ಅನೇಕ ಕಾರ್ಯಗಳಿಗೆ ಜನನ ಪತ್ರವೇ ಆಧಾರವಾದುದರಿಂದ, ತಾಯಂದಿರು ಇದರಲ್ಲಿ ಉದಾಸೀನ ಮಾಡಬಾರದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ತಪ್ಪಿಗಾದರೋ, ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಲಿಗೆ ಬರೆದುಕೊಳ್ಳಬೇಕು.

ಬದಲಾವಣೆಯ ಕ್ರಮ ಹೀಗಿದೆ. ಮೊದಲು ಹಳೆಯ ಹೆಸರು, ಹೊಸ ಹೆಸರು, ಕಾರಣ ಇವುಗಳನ್ನು ಹೇಳಿ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಬೇಕು. ಎರಡನೆಯದಾಗಿ, ವೃತ್ತಪತ್ರಿಕೆಯಲ್ಲಿ ಪ್ರಕಟಿಸಬೇಕು. ಸಾಮಾನ್ಯವಾಗಿ ಒಂದು ಕನ್ನಡ ಪತ್ರಿಕೆಯಲ್ಲಿಯೂ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿಯೂ ಹಾಕಿಸುವರು. ಮೂರನೆಯದಾಗಿ, ರಾಜಪತ್ರದಲ್ಲಿ ಪ್ರಕಟವಾಗುವಂತೆ ದೆಹಲಿಯಲ್ಲಿರುವ ಭಾರತ ಸರ್ಕಾರದ ಪ್ರಕಟಣಾ ಇಲಾಖೆಗೆ ಅರ್ಜಿ ಕಳುಹಿಸಬೇಕು. ಅನಂತರವೇ ಆಧಾರ್, ಪ್ಯಾನ್, ಬ್ಯಾಂಕ್, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಇವುಗಳನ್ನು ಒಂದೇ ಅಕ್ಷರಕ್ರಮದಲ್ಲಿ ಸರಿಪಡಿಸಿಕೊಳ್ಳಬೇಕು. ಆಧಾರಿನಲ್ಲಿ ಹೆಸರನ್ನು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಸಲ ಬದಲಿಸಲು ಅವಕಾಶವಿದೆ. ಆದಕಾರಣ ಅವಸರದಿಂದ ಬರೆಯಿಸಬೇಡಿರಿ. ಹಳೆಯ ಅಂಕಪಟ್ಟಿಯನ್ನು ಎಂದಿಗೂ ಬಿಸಾಡಬೇಡಿರಿ. ಅದನ್ನೂ ರಾಜಪತ್ರದ ಪ್ರತಿಯನ್ನೂ ಜೊತೆಯಾಗಿ ತೋರಿಸಿದರೆ ಇಬ್ಬರೂ ಒಬ್ಬಳೇ ಎಂಬುದು ಸಿದ್ಧವಾಗುವುದು.

ವಿವಾಹಿತೆಯರಿಗೆ ಒಂದು ಮಾತು. ಮದುವೆಯಾದವಳು ಗಂಡನ ಹೆಸರನ್ನು ಸೇರಿಸಿಕೊಳ್ಳಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ವಿಧಿಸುವುದಿಲ್ಲ. ಸೇರಿಸಿಕೊಳ್ಳುವುದಾದರೆ ಎಲ್ಲಾ ದಾಖಲೆಗಳಲ್ಲಿಯೂ ಸೇರಿಸಿಕೊಳ್ಳಿರಿ, ವಿವಾಹ ನೋಂದಣಿ ಪತ್ರವನ್ನು ಜೋಪಾನವಾಗಿಡಿರಿ. ಇಲ್ಲವಾದರೆ ಎಲ್ಲಿಯೂ ಬೇಡ. ಅರ್ಧ ಸೇರಿಸಿ ಅರ್ಧ ಬಿಡುವುದೇ ಕಷ್ಟಕ್ಕೆ ಮೂಲ.

ನಮ್ಮ ನಾಡಿನ ಹೆಸರುಗಳಲ್ಲಿ ಊರಿನ ಮತ್ತು ತಂದೆಯ ಹೆಸರುಗಳು ಮೊದಲಕ್ಷರಗಳಾಗಿ ನಿಲ್ಲುವುದುಂಟು. ಪಾಸ್‌ಪೋರ್ಟಿನವರು ಅವುಗಳನ್ನು ಬಿಡಿಸಿ ಬರೆಯಿರೆಂದು ಕೇಳುವಾಗ ಒಬ್ಬೊಬ್ಬರು ಒಂದೊಂದು ವಿಧವಾಗಿ ಬಿಡಿಸುವರು. ಆದುದರಿಂದ ಪೋಷಕರೇ, ಮಗಳನ್ನು ಶಾಲೆಗೆ ಸೇರಿಸುವ ದಿನವೇ ಅವಳ ಪೂರ್ಣ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದುಕೊಂಡು ಬನ್ನಿರಿ. ಪುಸ್ತಕದಲ್ಲಿ ನಾವು ಬರೆದುದನ್ನು ಓದಿ ನೋಡಿದ ಮೇಲೆಯೇ ರುಜು ಹಾಕಿರಿ. ಪರೀಕ್ಷೆಯ ಅರ್ಜಿ ಹೋಗುವ ಮುನ್ನ ಹುಡುಗಿಯೂ ತನ್ನ ಹೆಸರನ್ನು ಓದಿ ನೋಡಲಿ. ನಾವಾದರೋ, ಈಗ ಪ್ರತಿಯೊಂದು ಹೆಸರನ್ನೂ ಬರೆದ ಬಳಿಕ ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ.