ಪಾಸ್‌ಬುಕ್ಕಿನ ಮೊದಲ ಪುಟ

ಪಾಸ್‌ಬುಕ್ ಕೈಗೆ ಬಂದರೆ ನಮ್ಮ ಕಣ್ಣು ಹೋಗುವುದು ಕೊನೆಯ ಸಾಲಿನ ಬ್ಯಾಲೆನ್ಸಿಗೆ. ಮೊದಲ ಪುಟದಲ್ಲಿ ಠೇವಣಿ ವಿಮೆಯ ಬಗ್ಗೆ ಚಿಕ್ಕ ಅಕ್ಷರದಲ್ಲಿ ಒಂದೆರಡು ಸಾಲು ಅಚ್ಚಾಗಿರುತ್ತದೆ. ಅದನ್ನು ಓದಿದವರನ್ನು ನಾನು ಕಂಡದ್ದು ಕಡಿಮೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಆ ಸಾಲುಗಳ ಬೆಲೆ ತಿಳಿಯಿತು. ಜೀವಮಾನದ ಉಳಿತಾಯವನ್ನು ಅಲ್ಲಿಟ್ಟವರಲ್ಲಿ ಪಿಂಚಣಿದಾರರೇ ಬಹಳ.

ವಿಮೆ ಕೊಡುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ, ಬ್ಯಾಂಕಿನವರ ಬಾಯಲ್ಲಿ ಡಿಐಸಿಜಿಸಿ. 1962ರಲ್ಲಿ ಶುರುವಾದಾಗ ಮಿತಿ 1,500 ರೂಪಾಯಿ. 1993ರಿಂದ 1 ಲಕ್ಷಕ್ಕೆ ನಿಂತಿದ್ದದ್ದು 2020ರ ಫೆಬ್ರವರಿ 4ರಂದು 5 ಲಕ್ಷವಾಯಿತು. ಕಂತು ಕಟ್ಟುವುದು ಬ್ಯಾಂಕು. ನಿಮ್ಮ ಖಾತೆಯಿಂದ ಅದನ್ನು ಕಡಿತ ಮಾಡುವಂತಿಲ್ಲ.

ಜನ ಎಡವುವುದು ಲೆಕ್ಕದಲ್ಲಿ. ಐದು ಲಕ್ಷ ಅಂದರೆ ಒಂದೊಂದು ಎಫ್‌ಡಿಗೆ ಐದು ಲಕ್ಷವಲ್ಲ. ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಎರಡೂ ಸೇರಿ ಐದು ಲಕ್ಷ. ಜಯನಗರ ಶಾಖೆಯಲ್ಲಿ 3 ಲಕ್ಷದ ಎಫ್‌ಡಿ, ಮಲ್ಲೇಶ್ವರದಲ್ಲಿ ಇನ್ನೊಂದು 2 ಲಕ್ಷ, ಎರಡಕ್ಕೂ ಸೇರಿ 40,000 ಬಡ್ಡಿ ಎಂದಿಟ್ಟುಕೊಳ್ಳಿ. ಆ 40,000ಕ್ಕೆ ವಿಮೆಯ ರಕ್ಷೆ ಇಲ್ಲ. ಅದೇ 2 ಲಕ್ಷ ಬೇರೆ ಬ್ಯಾಂಕಿನಲ್ಲಿದ್ದಿದ್ದರೆ ಪೂರ್ತಿ ಹಣ ರಕ್ಷೆಯೊಳಗೇ ಇರುತ್ತಿತ್ತು. ಗಂಡ ಹೆಂಡತಿಯ ಜಂಟಿ ಖಾತೆಗೆ ಪ್ರತ್ಯೇಕವಾಗಿ ಐದು ಲಕ್ಷದ ರಕ್ಷೆ ಇದೆ. ಜಂಟಿ ಖಾತೆಯಲ್ಲಿ ಹೆಸರುಗಳ ಕ್ರಮ ಅದಲುಬದಲಾದರೂ ಅದನ್ನು ಬೇರೆ ಖಾತೆಯೆಂದೇ ಎಣಿಸುತ್ತಾರೆ. ಅದೇ ಬ್ಯಾಂಕಿಗೆ ನೀವು ಸಾಲ ಬಾಕಿ ಉಳಿಸಿಕೊಂಡಿದ್ದರೆ ಅದನ್ನು ಠೇವಣಿಯಲ್ಲಿ ಮುರಿದುಕೊಳ್ಳುವ ಹಕ್ಕು ಬ್ಯಾಂಕಿಗಿದೆ.

ಹಣ ಯಾವಾಗ ಸಿಗುತ್ತದೆ? ಮೊದಲು ಬ್ಯಾಂಕು ಸಮಾಪನೆಗೆ ಹೋಗುವವರೆಗೆ ಕಾಯಬೇಕಿತ್ತು, ಅದು ವರ್ಷಗಟ್ಟಲೆಯ ಮಾತು. 2021ರ ತಿದ್ದುಪಡಿ ಕಾಯ್ದೆ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೇಲೆ, ಹಣ ತೆಗೆಯುವುದಕ್ಕೆ ನಿರ್ಬಂಧ ಬಿದ್ದ 90 ದಿನಗಳಲ್ಲಿ ವಿಮೆಯ ಮೊತ್ತ ಕೊಡಬೇಕು. ಮೊದಲ 45 ದಿನದಲ್ಲಿ ಬ್ಯಾಂಕು ಠೇವಣಿದಾರರ ಪಟ್ಟಿ ಕೊಡಬೇಕು, ಉಳಿದ ದಿನಗಳಲ್ಲಿ ನಿಗಮ ಪರಿಶೀಲಿಸಿ ಪಾವತಿಸಬೇಕು. ಬ್ಯಾಂಕನ್ನು ಬೇರೊಂದರ ಜೊತೆ ವಿಲೀನ ಮಾಡುವ ಪ್ರಯತ್ನ ನಡೆದಿದ್ದರೆ ಇನ್ನೂ 90 ದಿನ ಮುಂದೂಡಬಹುದು. ಆದರೆ ಹಣ ತಾನಾಗಿ ಬರುವುದಿಲ್ಲ. ವಿಮೆಯ ಹಣ ಪಡೆಯಲು ಒಪ್ಪಿಗೆಯಿದೆ ಎಂದು ನೀವು ಬರೆದುಕೊಡಬೇಕು, ಬೇರೆ ಬ್ಯಾಂಕಿನ ಖಾತೆಯ ವಿವರ ಮತ್ತು ಗುರುತಿನ ದಾಖಲೆ ಒದಗಿಸಬೇಕು. ಕೆವೈಸಿ ಹಳತಾಗಿದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ನನ್ನ ನಿಜವಾದ ಚಿಂತೆ ಬೇರೆ. ಸಂಜೆಯ ಹೊತ್ತು ಅಂಗಡಿಗೆ ಬಂದು ಪಿಗ್ಮಿ ಹಣ ವಸೂಲು ಮಾಡುವ ಹುಡುಗ ಕೊಡುವ ಚೀಟಿಯನ್ನು ಒಮ್ಮೆ ತಿರುಗಿಸಿ ನೋಡಿ. ಅಲ್ಲಿ ಪತ್ತಿನ ಸಹಕಾರ ಸಂಘ ಅಥವಾ ಸೌಹಾರ್ದ ಸಹಕಾರಿ ಎಂದಿದ್ದರೆ ಐದು ಲಕ್ಷದ ಈ ಮಾತೇ ಅನ್ವಯಿಸುವುದಿಲ್ಲ. ನಾವು ಬಾಯಿಮಾತಿಗೆ ಸೊಸೈಟಿಯನ್ನೂ ಬ್ಯಾಂಕೆಂದೇ ಕರೆಯುತ್ತೇವೆ. ಗಾಜಿನ ಬಾಗಿಲು, ಟೋಕನ್ ಯಂತ್ರ, ಲಾಕರು ಎಲ್ಲವೂ ಇರುತ್ತವೆ. ರಿಸರ್ವ್ ಬ್ಯಾಂಕಿನ ಪರವಾನಗಿ ಮಾತ್ರ ಇರುವುದಿಲ್ಲ, ಹಾಗಾಗಿ ವಿಮೆಯೂ ಇಲ್ಲ. ಹೆಸರಿನಲ್ಲಿ ಬ್ಯಾಂಕ್ ಎಂಬ ಪದ ಬಳಸುವುದಕ್ಕೇ ಅವಕ್ಕೆ ಕಾನೂನಿನ ಅನುಮತಿಯಿಲ್ಲ. ಎಲ್ಲ ಸೊಸೈಟಿಗಳೂ ಕೆಟ್ಟವೆಂದು ಹೇಳುತ್ತಿಲ್ಲ, ಊರನ್ನೇ ಎತ್ತಿ ನಿಲ್ಲಿಸಿದವೂ ಇವೆ. ಆದರೆ ಅಲ್ಲಿ ತಕರಾರು ಬಂದರೆ ಹೋಗಬೇಕಾದ್ದು ಸಹಕಾರ ಸಂಘಗಳ ನಿಬಂಧಕರ ಬಳಿಗೆ, ರಿಸರ್ವ್ ಬ್ಯಾಂಕಿಗಲ್ಲ.

ಹೆಚ್ಚು ಲಾಭದ ಆಸೆ ತೋರಿಸಿ ಹಣ ಎತ್ತುವ ಖಾಸಗಿ ಕಂಪನಿಗಳದ್ದು ಮೂರನೆಯ ದಾರಿ. ಅವು ಮುಳುಗಿದರೆ ಆಸರೆ 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯ್ದೆ. ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರ ಆಸ್ತಿ ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಆದೇಶದಂತೆ ಹಂಚುತ್ತದೆ. 2019ರಲ್ಲಿ ಇಂಥದ್ದೇ ಕಂಪನಿಯಾದ ಐಎಂಎ ಬಾಗಿಲು ಹಾಕಿದಾಗ ನಡೆದದ್ದು ಇದೇ. ಈ ದಾರಿಯಲ್ಲಿ 90 ದಿನದ ಗಡುವು ಇಲ್ಲ, ಪೂರ್ತಿ ಹಣದ ಭರವಸೆಯೂ ಇಲ್ಲ.

ವಿಮೆಗೆ ಒಳಪಟ್ಟ ಬ್ಯಾಂಕುಗಳ ಹೆಸರುಗಳನ್ನು ಡಿಐಸಿಜಿಸಿ ತನ್ನ ಜಾಲತಾಣದಲ್ಲಿ ಹಾಕಿದೆ. ಠೇವಣಿಯ ಅರ್ಜಿಗೆ ಸಹಿ ಹಾಕುವ ಮೊದಲು ಆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಬಿಡಿ.