ಮೊದಲು ಮಾಳಿಗೆ, ಆಮೇಲೆ ಪಡುವಣ ಗೋಡೆ

ಪ್ರಶ್ನೆ: ನೇಸರಗಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಆರ್‌ಸಿಸಿ ಸ್ಲ್ಯಾಬ್, ಹಿಂದೆ ತಗಡಿನ ಅಡುಗೆಮನೆ. ಬಿಸಿಲಿನ ಕಾವು ತಡೆಯಲು ಎಲ್ಲೆಲ್ಲಿ ಏನು ಹಾಕಿಸಬೇಕು?

ಉತ್ತರ: ಏಪ್ರಿಲ್ ಮಧ್ಯಾಹ್ನ ನಿಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಯೊಳಗೆ ಕಾಲಿಟ್ಟು ನೋಡಿ. ದಪ್ಪ ಗೋಡೆ, ಜಂತಿಯ ಮೇಲೆ ಹಾಸಿದ ಮಣ್ಣು ಬಿಸಿಲನ್ನು ಹೊರಗೇ ತಡೆದು ನಿಲ್ಲಿಸಿರುತ್ತವೆ. ಐದಿಂಚಿನ ಕಾಂಕ್ರೀಟಿಗೆ ಆ ತಾಳ್ಮೆಯಿಲ್ಲ. ಆದ್ದರಿಂದ ಮೊದಲ ಖರ್ಚು ಮಾಳಿಗೆಗೇ ಇರಲಿ.

ಸ್ಲ್ಯಾಬಿನ ಮೇಲೆ ನೀರು ಇಂಗದ ಲೇಪನ, ಅದರ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ನೊರೆಯ ಹಲಗೆ, ನಂತರ ಇಳಿಜಾರು ಕೊಟ್ಟ ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್ಸ್. ಹಲಗೆಯನ್ನು ಸ್ಲ್ಯಾಬಿನ ಕೆಳಗೆ ಅಂಟಿಸಬೇಡಿ. ಹಾಗೆ ಮಾಡಿದರೆ ಕಾಂಕ್ರೀಟ್ ಕಾಯುತ್ತಲೇ ಇದ್ದು, ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಅಗ್ಗವೆಂದು ಸಡಿಲ ಥರ್ಮಾಕೋಲ್ ಹಾಕಿದರೆ ಭಾರಕ್ಕೆ ಕುಸಿಯುತ್ತದೆ.

ಇಳಿಹೊತ್ತಿನ ಬಿಸಿಲು ಬಡಿಯುವ ಪಡುವಣ ಗೋಡೆಗೆ 8 ಇಂಚಿನ ಎಎಸಿ ಬ್ಲಾಕ್ ಬಳಸಿ. ಅದರೊಳಗಿನ ಸಣ್ಣ ಸಣ್ಣ ಗಾಳಿಗುಳ್ಳೆಗಳೇ ಶಾಖಕ್ಕೆ ಅಡ್ಡ. ಬಡಗಣ ಗೋಡೆಗೆ ಸಾದಾ ಇಟ್ಟಿಗೆ ಸಾಕು. ಕಿಟಕಿಗಳಿಗೆ ಎರಡಡಿ ಛಜ್ಜಾ ಇರಲಿ.

ಅಡುಗೆಮನೆಯ ತಗಡಿನ ಕೆಳಗೆ 50 ಮಿ.ಮೀ. ರಾಕ್‌ವುಲ್ (ಕಲ್ಲಿನ ಎಳೆಗಳ ಹಾಸು), ಅದರಡಿ ಸಿಮೆಂಟ್ ಹಲಗೆಯ ಒಳಸೂರು ಹಾಕಿಸಿ. ಒಲೆಯಿರುವ ಜಾಗದಲ್ಲಿ ಥರ್ಮಾಕೋಲ್ ಬೇಡವೇ ಬೇಡ, ಅದು ಬೇಗ ಹೊತ್ತಿಕೊಳ್ಳುತ್ತದೆ. ರಾಕ್‌ವುಲ್ ಉರಿಯುವುದಿಲ್ಲ.

ನೆಲಕ್ಕೆ ಏನೂ ಹಾಕಬೇಡಿ. ಬೇಸಿಗೆಯಲ್ಲಿ ಭೂಮಿಯ ತಂಪು ಪುಕ್ಕಟೆ ಸಿಗುತ್ತದೆ, ಅದನ್ನು ಕಳೆದುಕೊಳ್ಳಬಾರದು. ಗೋಡೆಗಳ ಮೇಲ್ತುದಿಯಲ್ಲಿ ಗಾಳಿಕಿಂಡಿ ಬಿಡಿ, ರಾತ್ರಿ ಒಳಗಿನ ಬಿಸಿಗಾಳಿ ಹೊರಗೆ ಹೋಗುತ್ತದೆ. ಆಗ ಮಕ್ಕಳೂ ಹಿರಿಯರೂ ನೆಮ್ಮದಿಯಿಂದ ನಿದ್ದೆ ಮಾಡುತ್ತಾರೆ.